1952ರಲ್ಲಿ ಬಳ್ಳಾರಿ, ಕೊಪ್ಪಳದ ಎಂಪಿಗಳು ಯಾವ ರಾಜ್ಯದವರು?

ಓದುಗರ ಪ್ರಶ್ನೆ: ಮೊದಲ ಲೋಕಸಭೆಯ ಪಟ್ಟಿ ನೋಡಿದರೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿದೆ, ಕೊಪ್ಪಳ ಕಡೆಯ ಕುಷ್ಟಗಿ ಹೈದರಾಬಾದ್ ರಾಜ್ಯದಲ್ಲಿದೆ. ಆಮೇಲೆ ಈ ಊರುಗಳು ಮೈಸೂರಿಗೆ ಸೇರಿದಾಗ ಆ ಎಂಪಿಗಳ ಗತಿ ಏನಾಯ್ತು? ಮತ್ತೆ ಓಟು ಹಾಕಬೇಕಾಯ್ತಾ?

ಉತ್ತರ: ಇಲ್ಲ, ಮತ್ತೆ ಚುನಾವಣೆ ನಡೆಯಲಿಲ್ಲ. ಊರು ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಯಿತು, ಎಂಪಿ ಅವರೇ ಮುಂದುವರಿದರು. ಆದರೆ ಇದರಲ್ಲಿ ಇನ್ನೂ ದೊಡ್ಡ ವಿಷಯ ಒಂದಿದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳನ್ನು ಇವತ್ತಿನ ರಾಜ್ಯದ ನಕಾಶೆಗೆ ತಂದ ಎರಡು ಕಾನೂನುಗಳನ್ನು ಪಾಸು ಮಾಡಿದ್ದೇ ಆ ಮೊದಲ ಸಂಸತ್ತು. ನಮ್ಮ ಹಿರಿಯರು ಹಾಕಿದ ಮೊದಲ ಓಟಿನ ಫಲ ಅವರ ಮನೆ ಬಾಗಿಲಿಗೇ ಬಂತು. ಇದನ್ನು ಶಾಲೆಯಲ್ಲಿ ಯಾರೂ ಇಷ್ಟು ನೇರವಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಗಿನ ಪರಿಸ್ಥಿತಿ ಹೀಗಿತ್ತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ಬಳ್ಳಾರಿ ಮದ್ರಾಸಿನ ಆಡಳಿತಕ್ಕೆ ಸೇರಿತು. ರಾಯಚೂರು ನಿಜಾಮನ ಕೈಯಲ್ಲೇ ಉಳಿಯಿತು, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರುವ ತನಕ. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಭಾಗ, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ನಡುವೆ ತುಂಗಭದ್ರೆ. ಮುನಿರಾಬಾದಿನ ದಂಡೆಯಲ್ಲಿ ನಿಂತರೆ ಎದುರಿಗೆ ಹೊಸಪೇಟೆ ಕಡೆಯ ಗುಡ್ಡಗಳು ಕಾಣುತ್ತವೆ. 1952ರಲ್ಲಿ ಈ ದಂಡೆ ಹೈದರಾಬಾದ್, ಆ ದಂಡೆ ಮದ್ರಾಸ್. ಎರಡೂ ಕಡೆ ಆಡುವುದು ಕನ್ನಡ, ಬೀಗತನ ಆಚೀಚೆ ಊರುಗಳಲ್ಲೇ. ಆದರೆ ಕಚೇರಿ ಕೆಲಸಕ್ಕೆ ಒಬ್ಬರು ಮದ್ರಾಸಿನ ಕಡೆ ನೋಡಬೇಕು, ಇನ್ನೊಬ್ಬರು ಹೈದರಾಬಾದಿನ ಕಡೆ.

ಸ್ವಾತಂತ್ರ್ಯ ಬಂದಿದ್ದು 1947ರಲ್ಲಿ, ಚುನಾವಣೆಗೆ ಇಷ್ಟು ವರ್ಷ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಮೊದಲು ಸಂವಿಧಾನ ಬರೆದು ಮುಗಿಯಬೇಕಿತ್ತು, ಅದು 1950ರ ಜನವರಿ 26ಕ್ಕೆ ಜಾರಿಯಾಯಿತು. ಅಲ್ಲಿ ತನಕ ಸಂವಿಧಾನ ಸಭೆಯೇ ಸಂಸತ್ತಿನ ಕೆಲಸವನ್ನೂ ಮಾಡಿತು. ಆಮೇಲೆ ಚುನಾವಣಾ ಕಾನೂನು, ಮತದಾರರ ಪಟ್ಟಿ. 21 ವರ್ಷ ತುಂಬಿದ ಎಲ್ಲರಿಗೂ ಓಟು ಅಂತಾದಾಗ ಪಟ್ಟಿಗೆ ಬಂದವರು 17 ಕೋಟಿಗೂ ಜಾಸ್ತಿ ಜನ. ಮನೆ ಮನೆಗೆ ಹೋಗಿ ಹೆಸರು ಬರೆಯಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು, ಅದರಲ್ಲೂ ಉತ್ತರ ಭಾರತದ ಕಡೆ, ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಇರಲೇಬೇಕು ಎಂದರು. ಕೊನೆಗೂ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಅಷ್ಟು ಜನ ಓಟು ಕಳೆದುಕೊಂಡಿದ್ದು ನೋವಿನ ಸಂಗತಿ. ಆದರೂ ಸೇನ್ ಮಾಡಿದ್ದೇ ಸರಿ ಅಂತ ನನಗೆ ಅನ್ನಿಸುತ್ತದೆ. ಓಟು ಅವಳದು, ಹೆಸರೂ ಅವಳದೇ ಇರಬೇಕಲ್ವಾ?

ಓಟು ಹಾಕುವ ಕ್ರಮ ಈಗಿನಂತೆ ಇರಲಿಲ್ಲ. ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ 18ರಷ್ಟು ಮಾತ್ರ. ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು. ಮತಪತ್ರ ಒಂದು ರೂಪಾಯಿ ನೋಟಿನಷ್ಟು ದೊಡ್ಡದು. ಅದರ ಮೇಲೆ ಮುದ್ರೆ ಒತ್ತುವುದು, ಗುರುತು ಹಾಕುವುದು ಏನೂ ಇಲ್ಲ. ಮರೆಯಲ್ಲಿ ಪೆಟ್ಟಿಗೆಗಳ ಸಾಲು. ಚಿಹ್ನೆ ನೋಡಿ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಮುಗೀತು. ವಿಧಾನಸಭೆಗೆ ಬೇರೆ ಓಟು, ಬೇರೆ ಪೆಟ್ಟಿಗೆ. 1951ರ ಅಕ್ಟೋಬರ್ 25ರಂದು ಹಿಮಾಚಲದ ಗುಡ್ಡಗಾಡಿನಲ್ಲಿ ಶುರುವಾದ ಮತದಾನ ದೇಶದಲ್ಲೆಲ್ಲ ಮುಗಿಯುವಷ್ಟರಲ್ಲಿ 1952ರ ಫೆಬ್ರವರಿ ಬಂದಿತ್ತು.

489 ಸ್ಥಾನಗಳಲ್ಲಿ ಕಾಂಗ್ರೆಸ್ 364 ಗೆದ್ದಿತು. ಬಳ್ಳಾರಿಯಲ್ಲೂ ಗೆದ್ದಿದ್ದು ಕಾಂಗ್ರೆಸ್ಸೇ, ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ. ಆದರೆ ಹೊಳೆ ದಾಟಿದರೆ ಕಥೆ ಬೇರೆ. ಕುಷ್ಟಗಿ ಕ್ಷೇತ್ರದ ಜನ ಅಳವಂಡಿ ಶಿವಮೂರ್ತಿಸ್ವಾಮಿಯವರನ್ನು ಪಕ್ಷೇತರರಾಗಿ ದೆಹಲಿಗೆ ಕಳಿಸಿದರು. ನಿಜಾಮನ ಆಡಳಿತದ ವಿರುದ್ಧ ಮುಂಡರಗಿ ಶಿಬಿರ ಕಟ್ಟಿ ಹೋರಾಡಿದವರು ಅವರು. ದೇಶದ ತುಂಬ ಜೋಡೆತ್ತಿನ ಅಬ್ಬರ ಇದ್ದಾಗ, ಮೊದಲ ಸಲ ಓಟು ಹಾಕುತ್ತಿದ್ದ ಹಳ್ಳಿಯ ಜನ ತಮಗಾಗಿ ಹೋರಾಡಿದವರ ಮುಖ ನೋಡಿ ಓಟು ಕೊಟ್ಟರು. ಓದು ಬಾರದವರು ಹೇಳಿಕೊಟ್ಟ ಕಡೆ ಓಟು ಹಾಕುತ್ತಾರೆ ಅನ್ನುವವರಿಗೆ ನಾನು ಯಾವಾಗಲೂ ಕುಷ್ಟಗಿಯ ಈ ಫಲಿತಾಂಶ ತೋರಿಸುತ್ತೇನೆ.

1952ರ ಮೇ 13ರಂದು ಲೋಕಸಭೆ ಮೊದಲ ಸಲ ಸೇರಿತು. ಅದೇ ಡಿಸೆಂಬರಿನಲ್ಲಿ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು ತೀರಿಕೊಂಡರು. ಮದ್ರಾಸ್ ರಾಜ್ಯವನ್ನು ಒಡೆಯುವುದು ಖಚಿತವಾಯಿತು. ಹಾಗಾದರೆ ಬಳ್ಳಾರಿ ಯಾರಿಗೆ? ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ. ಜಗಳ ಇದ್ದಿದ್ದು ಬಳ್ಳಾರಿ ತಾಲೂಕಿನದು. ನ್ಯಾಯಮೂರ್ತಿ ಮಿಶ್ರಾ ವಿಚಾರಣೆ ನಡೆಸಿ, ಅದೂ ಮೈಸೂರಿಗೇ ಸೇರಬೇಕು ಎಂದರು. ಸಂಸತ್ತು ಕಾನೂನು ಮಾಡಿತು. 1953ರ ಅಕ್ಟೋಬರ್ 1ರಿಂದ ಬಳ್ಳಾರಿ ಮೈಸೂರಿನದು, ಟೇಕೂರು ಅವರೂ ಮೈಸೂರು ರಾಜ್ಯದ ಎಂಪಿ.

ಅಲ್ಲಿಗೆ ಮುಗಿಯಲಿಲ್ಲ. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಾಗ, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಿ ಎಂದುಬಿಟ್ಟಿತು. ಅದರ ಹಿಂದಿದ್ದ ದೊಡ್ಡ ಕಾರಣ ತುಂಗಭದ್ರಾ ಯೋಜನೆ. ಎರಡು ವರ್ಷದ ಹಿಂದೆ ತೀರ್ಮಾನವಾಗಿದ್ದ ವಿಷಯ ಮತ್ತೆ ಎದ್ದು ಕೂತಿತು. ಬಳ್ಳಾರಿ ಸೀಮೆಯಲ್ಲಿ ಜನ ಬೀದಿಗೆ ಇಳಿದರು. ಕೊನೆಗೆ ಆ ಶಿಫಾರಸು ಜಾರಿಗೆ ಬರಲಿಲ್ಲ, ಮೂರು ತಾಲೂಕೂ ಇಲ್ಲೇ ಉಳಿದವು. ಆಯೋಗದ ಮಾತೇ ಕೊನೆಯ ಮಾತಾಗಿದ್ದರೆ ಇವತ್ತು ಹಂಪಿಯೂ ಆಂಧ್ರದಲ್ಲಿ ಇರುತ್ತಿತ್ತು. ಕಾನೂನು ಮಾಡುವ ಅಧಿಕಾರ ಗೆದ್ದು ಬಂದವರ ಸಭೆಗೆ ಇದ್ದುದರ ಬೆಲೆ ನಮ್ಮ ಕಡೆಯವರಿಗೆ ಗೊತ್ತಾಗಬೇಕಾದ್ದು ಇಲ್ಲೇ.

ರಾಯಚೂರಿನದು ಇಷ್ಟು ಎಳೆದಾಟ ಆಗಲಿಲ್ಲ. 1956ರ ಪುನರ್ವಿಂಗಡಣಾ ಕಾಯ್ದೆ ಗದ್ವಾಲ, ಆಲಂಪುರ ತಾಲೂಕುಗಳನ್ನು ಆಂಧ್ರಕ್ಕೆ ಬಿಟ್ಟು, ಉಳಿದ ರಾಯಚೂರು ಜಿಲ್ಲೆಯನ್ನು ಕೊಪ್ಪಳದ ಸಮೇತ ಮೈಸೂರಿಗೆ ಸೇರಿಸಿತು. ಅದು ಜಾರಿಗೆ ಬಂದಿದ್ದು ನವೆಂಬರ್ 1ರಂದು. ಹೊಳೆಯ ಎರಡೂ ದಂಡೆ ಒಂದೇ ರಾಜ್ಯವಾದವು.

ಆ ಲೋಕಸಭೆ 1957ರ ಏಪ್ರಿಲ್‌ನಲ್ಲಿ ವಿಸರ್ಜನೆಯಾಯಿತು. ಎರಡನೇ ಚುನಾವಣೆಯಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದವರು ಮೊದಲ ಸಲ ಒಂದೇ ರಾಜ್ಯದ ಮತದಾರರಾಗಿ ಓಟು ಹಾಕಿದರು. ಬಳ್ಳಾರಿಯಲ್ಲಿ ಮತ್ತೆ ಟೇಕೂರು ಅವರೇ ಗೆದ್ದರು. ಕುಷ್ಟಗಿ ಕ್ಷೇತ್ರದ ಹೆಸರು ಲೋಕಸಭೆಯ ಪಟ್ಟಿಯಿಂದ ಹೋಯಿತು, ಕೊಪ್ಪಳದ ಹೆಸರು ಬಂತು. ಅಳವಂಡಿಯವರು 1962ರಲ್ಲಿ ಅದೇ ಕೊಪ್ಪಳದಿಂದ ಗೆದ್ದು ಮತ್ತೆ ದೆಹಲಿಗೆ ಹೋದರು.