ಶೆಲ್ ಬಳಸದಿದ್ದರೂ ಆರ್ಗ್ಯುಮೆಂಟ್ ಇಂಜೆಕ್ಷನ್ ಹೇಗೆ ಆಗುತ್ತದೆ?

ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ: "ಅಡಿಕೆ ದರ ತೋರಿಸುವ ವೆಬ್‌ಸೈಟ್ ಮಾಡುತ್ತಿದ್ದೇವೆ. ಹುಡುಕಾಟಕ್ಕೆ ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಟೂಲ್) ಓಡಿಸುವ ಒಂದು ಲೈಬ್ರರಿ ಇದೆ. ಅದು ಶೆಲ್ (ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಮುಟ್ಟುವುದೇ ಇಲ್ಲ, ಎಲ್ಲವನ್ನೂ ಲಿಸ್ಟ್ ಆಗಿ, ಅಂದರೆ ಒಂದೊಂದು ಪದವನ್ನೂ ಬಿಡಿಯಾಗಿ, ಕೊಡುತ್ತದೆ. ಆದರೂ ಅಪಾಯ ಇದೆ ಅಂತಾರೆ. ನಿಜವಾ?"

ನಿಜ. ಬಳಕೆದಾರರು ಕೊಟ್ಟ ಪದವನ್ನು ಟೂಲ್ ತನ್ನ ಆಪ್ಷನ್ (ಕೆಲಸದ ರೀತಿ ಬದಲಿಸುವ ಸೂಚನೆ) ಅಂತ ಓದಿಕೊಂಡರೆ ಅದೇ ಆರ್ಗ್ಯುಮೆಂಟ್ ಇಂಜೆಕ್ಷನ್. ಲಿಸ್ಟ್ ಆಗಿ ಕೊಟ್ಟರೆ ಸೆಮಿಕೋಲನ್, ಪೈಪ್ ಹಾಕಿ ಇನ್ನೊಂದು ಕಮಾಂಡ್ ತೂರಿಸುವ ದಾರಿ ಮುಚ್ಚುತ್ತದೆ, ಅಷ್ಟೇ. ಆ ಪದ ಗ್ರೆಪ್ ಕೈಗೆ ಹೋದ ಮೇಲೆ ಅದನ್ನು ಹೇಗೆ ಓದಬೇಕು ಅಂತ ತೀರ್ಮಾನಿಸುವುದು ಗ್ರೆಪ್. ಹೈಫನ್‌ನಿಂದ ಶುರುವಾದರೆ ಅದರ ಲೆಕ್ಕದಲ್ಲಿ ಅದು ಆಪ್ಷನ್.

ನಿಮ್ಮ ಲಿಸ್ಟ್ ಹೀಗಿದೆ ಅಂದುಕೊಳ್ಳಿ: ಗ್ರೆಪ್, ಹುಡುಕುವ ಪದ, ದರಪಟ್ಟಿಯ ಫೈಲ್. ತೀರ್ಥಹಳ್ಳಿಯ ಬೆಳೆಗಾರರು ಅಡಿಕೆಯ ಬಗೆಯಾದ "ರಾಶಿ" ಅಂತಲೋ "ಬೆಟ್ಟೆ" ಅಂತಲೋ ಟೈಪ್ ಮಾಡಿದರೆ ಸರಿಯಾಗೇ ನಡೆಯುತ್ತದೆ. ಯಾರೋ ಸುಮ್ನೆ "-ಆರ್" (-r) ಒತ್ತಿದರೆ? ಗ್ರೆಪ್‌ಗೆ ಅದು "ಫೋಲ್ಡರ್ ಒಳಗೆಲ್ಲ ಹುಡುಕು" ಎಂಬ ಅಪ್ಪಣೆ. ಆಗ ದರಪಟ್ಟಿ ಫೈಲ್‌ನ ಹೆಸರೇ ಹುಡುಕುವ ಪದವಾಗುತ್ತದೆ. ಆ ಹೆಸರು ಇರುವ ಸಾಲುಗಳು ಬೇರೆ ಫೈಲ್‌ಗಳಿಂದಲೂ ಹೊರಬರುತ್ತವೆ, ಸೆಟ್ಟಿಂಗ್ ಫೈಲ್ ಇದ್ದರೆ ಅದರಿಂದಲೂ. ಶೆಲ್ ಎಲ್ಲೂ ಬರಲಿಲ್ಲ, ಗಮನಿಸಿದಿರಾ?

ಗ್ರೆಪ್‌ನಲ್ಲಿ ಸೋರುವುದು ಮಾಹಿತಿ. ಬೇರೆ ಟೂಲ್‌ಗಳಲ್ಲಿ ಸರ್ವರೇ ಹೋಗಬಹುದು. 2016ರ ಡಿಸೆಂಬರ್‌ನಲ್ಲಿ ಇಮೇಲ್ ಕಳುಹಿಸುವ ಪಿಎಚ್‌ಪಿಮೇಲರ್ ಲೈಬ್ರರಿಯಲ್ಲಿ ಇಂಥದ್ದೇ ದೋಷ ಸಿಕ್ಕಿತು. ಕಳುಹಿಸುವವರ ಇಮೇಲ್ ವಿಳಾಸದೊಳಗೆ, ಸರ್ವರ್‌ನಿಂದ ಮೇಲ್ ಕಳುಹಿಸುವ ಸೆಂಡ್‌ಮೇಲ್ ಟೂಲ್‌ನ "-ಎಕ್ಸ್" (-X) ಆಪ್ಷನ್ ತೂರಿಸಬಹುದಿತ್ತು. ಆ ಆಪ್ಷನ್ ಕೊಟ್ಟರೆ ಸೆಂಡ್‌ಮೇಲ್, ದಾಳಿಕೋರ ಹೇಳಿದ ಫೈಲ್‌ಗೆ ಮೇಲ್‌ನ ಪಠ್ಯವೂ ಸೇರಿದ ಲಾಗ್ (ನಡೆದದ್ದರ ದಾಖಲೆ) ಬರೆಯುತ್ತದೆ. ಆ ಫೈಲ್ ವೆಬ್ ಫೋಲ್ಡರ್‌ನಲ್ಲಿದ್ದರೆ ದಾಳಿಕೋರನ ಕೋಡ್ ಅಲ್ಲೇ ಓಡುತ್ತದೆ. 5.2.18 ಆವೃತ್ತಿಯ ತಿದ್ದುಪಡಿ ಸಾಲದೆ 5.2.20 ತರಬೇಕಾಯಿತು. 2022ರಲ್ಲಿ, ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಟೂಲ್ ಅನ್ನು ಓಡಿಸುವ ಸಿಂಪಲ್-ಗಿಟ್ ಲೈಬ್ರರಿಯಲ್ಲೂ ಅದೇ ಕತೆ: ಬೇರೆಡೆಯಿಂದ ಕೋಡ್ ತರುವ ಫೆಚ್‌ಗೆ ಕೊಡುವ ರಿಮೋಟ್, ಬ್ರಾಂಚ್ ಹೆಸರಿನ ಜಾಗದಲ್ಲಿ ಗಿಟ್ ಆಪ್ಷನ್ ಕೊಟ್ಟು ಕಮಾಂಡ್ ಓಡಿಸಬಹುದಿತ್ತು.

ಪರಿಹಾರ ಟೂಲ್‌ನಿಂದ ಟೂಲ್‌ಗೆ ಬದಲಾಗುತ್ತದೆ. ಜಾಸ್ತಿ ಟೂಲ್‌ಗಳಲ್ಲಿ ಬಳಕೆದಾರರ ಪದಕ್ಕೆ ಮೊದಲು "--" ಇಟ್ಟರೆ ಸಾಕು. ಅಲ್ಲಿಗೆ ಆಪ್ಷನ್ ಮುಗಿಯಿತು ಅಂತ ಅರ್ಥ. ಗಿಟ್‌ನಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಕಡೆ "--" ಅಂದರೆ ಮುಂದಿನದು ಫೈಲ್ ಹೆಸರು. ಅದಕ್ಕೇ ಗಿಟ್‌ನ 2.24 ಆವೃತ್ತಿಯಲ್ಲಿ "--ಎಂಡ್-ಆಫ್-ಆಪ್ಷನ್ಸ್" (--end-of-options) ಸೇರಿಸಿದರು. ಕೋಟ್ ಹಾಕುವ ಫಂಕ್ಷನ್‌ಗಳನ್ನು ಇದಕ್ಕೆ ನಂಬಬೇಡಿ. ಅವು ಶೆಲ್‌ಗಾಗಿ ಮಾಡಿದವು, ಹೈಫನ್ ಹಾಗೇ ದಾಟಿ ಹೋಗುತ್ತದೆ.

ಈ ಕೆಲಸ ಲೈಬ್ರರಿ ಬರೆದವರದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. "ಹುಡುಕು" ಎಂಬ ಫಂಕ್ಷನ್ ಕರೆಯುವವರಿಗೆ ಒಳಗೆ ಗ್ರೆಪ್ ಇದೆ ಅಂತಲೇ ಗೊತ್ತಿರುವುದಿಲ್ಲ, ಅಲ್ವಾ? ಆದರೆ ಅವರು ಸರಿಪಡಿಸುವವರೆಗೆ ನಿಮ್ಮ ಸೈಟ್ ಕಾಯಬಾರದು. ದರದ ಹುಡುಕಾಟಕ್ಕೆ ರಾಶಿ, ಬೆಟ್ಟೆ, ಸರಕು, ಗೊರಬಲು ಇಷ್ಟೇ ಸಾಕಾದರೆ ಪಟ್ಟಿ ಕೊಟ್ಟು ಆರಿಸಲು ಬಿಡಿ, ಮತ್ತು ಸರ್ವರ್‌ನಲ್ಲೂ ಅದೇ ಪಟ್ಟಿಗೆ ತಾಳೆ ನೋಡಿ. ಬೇರೆ ಪದ ಬೇಕೇ ಬೇಕಾದರೆ ಹೈಫನ್‌ನಿಂದ ಶುರುವಾಗುವುದನ್ನು ತಿರಸ್ಕರಿಸಿ. ನಿಮ್ಮ ಟೆಸ್ಟ್‌ಗಳಲ್ಲಿ "-ಆರ್" ಹುಡುಕಾಟ ಒಂದಿರಲಿ. ಅದಕ್ಕೆ ಒಂದು ಸಾಲು ಫಲಿತಾಂಶ ಬಂದರೂ ಟೆಸ್ಟ್ ಫೇಲ್ ಆಗಬೇಕು.