ಡಚ್ ಯೋಧ, ಇಟಲಿಯ ಟಂಕಸಾಲೆ

ಕವಚ ತೊಟ್ಟು ನಿಂತ ಯೋಧ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಾಣಗಳ ಕಟ್ಟು. ಹಿಂಬದಿಯ ಚೌಕದೊಳಗೆ ಐದು ಸಾಲು ಲ್ಯಾಟಿನ್ ಬರಹ. ಇಂಥ ಚಿನ್ನದ ನಾಣ್ಯ ಪರೀಕ್ಷೆಗೆ ಬಂದಾಗ, ಅದು ಡಚ್ ಡುಕಾಟ್ ಎಂದು ಹೇಳುವ ಮೊದಲು ನಾನು ಅಂಚಿನ ಬರಹವನ್ನು ಭೂತಗನ್ನಡಿ ಹಿಡಿದು ಅಕ್ಷರಕ್ಷರವಾಗಿ ಓದುತ್ತೇನೆ. ಚಿತ್ರ ಹಾಲೆಂಡಿನದಾಗಿದ್ದರೂ ಹೆಸರು ಡೆಸಾನಾದ ಕೌಂಟನದೋ ಕೊರೆಜ್ಜೊದ ರಾಜಕುಮಾರನದೋ ಆಗಿರಬಹುದು.

ಹದಿನೇಳನೆಯ ಶತಮಾನದ ಉತ್ತರ ಇಟಲಿಯಲ್ಲಿ ಡೆಸಾನಾ, ಕೊರೆಜ್ಜೊ, ಬೊಜ್ಜೊಲೊ, ಕಾಸ್ತಿಲ್ಯೋನೆಯಂಥ ಪುಟ್ಟ ಸಂಸ್ಥಾನಗಳಿದ್ದವು. ಪವಿತ್ರ ರೋಮನ್ ಚಕ್ರವರ್ತಿಯ ಸಾಮಂತರಾಗಿದ್ದ ಇವುಗಳ ಒಡೆಯರಿಗೆ ನಾಣ್ಯ ಅಚ್ಚು ಹಾಕಿಸುವ ಹಕ್ಕೇ ಒಂದು ಆದಾಯದ ಮೂಲವಾಗಿತ್ತು. ಆದರೆ ಊರಾಚೆ ಯಾರೂ ಕಂಡರಿಯದ ಪ್ರಭುವಿನ ಮುಖವಿರುವ ಚಿನ್ನವನ್ನು ಯಾವ ವರ್ತಕನೂ ಯೋಚಿಸದೆ ತೆಗೆದುಕೊಳ್ಳುವುದಿಲ್ಲ, ಸುಮಾರು 3.5 ಗ್ರಾಂ ತೂಗುತ್ತಿದ್ದ, ಹೆಚ್ಚುಕಡಿಮೆ ಅಪರಂಜಿಯೇ ಆಗಿದ್ದ ಹಂಗೇರಿ ಮತ್ತು ಡಚ್ ಡುಕಾಟುಗಳನ್ನಾದರೋ ದೂರದೂರದ ಪೇಟೆಗಳಲ್ಲಿ ಕಣ್ಣಳತೆಯಲ್ಲೇ ಒಪ್ಪುತ್ತಿದ್ದರು. ಹಾಗಾಗಿ ಆ ರೂಪವನ್ನೇ ಎರವಲು ಪಡೆದರು. ಇಟಲಿಯಲ್ಲಿ ಇವೆಲ್ಲಕ್ಕೂ ‘ಒಂಗರೊ’, ಅಂದರೆ ಹಂಗೇರಿಯದು, ಎಂಬ ಹೆಸರು. ಮೇಲೆ ನಿಂತವನು ಡಚ್ ಯೋಧನಾದರೂ ಹೆಸರು ಬದಲಾಗಲಿಲ್ಲ.

ಇವನ್ನು ಖೋಟಾ ಎನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಹಕ್ಕುಳ್ಳವನು ತನ್ನ ಹೆಸರಿನಲ್ಲೇ ಹೊರಡಿಸಿದ ನಾಣ್ಯ ಕಾನೂನಿನ ಮಟ್ಟಿಗೆ ಅಸಲಿಯೇ. ಕೇಡೆಲ್ಲ ಶುದ್ಧತೆಯಲ್ಲಿತ್ತು: ಚಿನ್ನದ ಪ್ರಮಾಣವನ್ನು ಹತ್ತನೇ ಒಂದು ಪಾಲು ಇಳಿಸಿದರೆ 100 ನಾಣ್ಯಗಳ ಚಿನ್ನದಲ್ಲಿ 111 ನಾಣ್ಯಗಳು ಹೊರಬರುತ್ತವೆ. ನಾಣ್ಯದ ಮೋಸದ ಆರೋಪ ಹೊತ್ತು ಸಾಮ್ರಾಜ್ಯದ ವಿಚಾರಣೆಗೆ ಗುರಿಯಾದ ಕೊರೆಜ್ಜೊದ ಸೀರೊ ತನ್ನ ಸಂಸ್ಥಾನವನ್ನೇ ಕಳೆದುಕೊಂಡ. 1635ರಲ್ಲಿ ಅದು ಮೊಡೆನಾದ ಎಸ್ತೆ ವಂಶದ ಪಾಲಾಯಿತು.

ನಮ್ಮ ಪುತ್ತಳಿ ಸರದಲ್ಲಿ ಕಾಣುವ ವೆನಿಸ್ ಡುಕಾಟಿನ ನಕಲುಗಳಲ್ಲಿಯೂ ಬರಹ ಕೆಟ್ಟಿರುತ್ತದೆ, ಆದರೆ ಅದು ಲಿಪಿ ಬಾರದ ಅಕ್ಕಸಾಲಿಗನ ಕೈಯದು. ಇಟಲಿಯ ಅಚ್ಚು ಕೆತ್ತುವವನಿಗೆ ಲ್ಯಾಟಿನ್ ಬರುತ್ತಿತ್ತು; ಒಡೆಯನ ಹೆಸರು, ಬಿರುದುಗಳನ್ನು ಕತ್ತರಿಸಿ, ದೂರದಿಂದ ನೋಡಿದವನಿಗೆ ಮೂಲದ ಬರಹದಂತೆಯೇ ತೋರುವ ಹಾಗೆ ಜೋಡಿಸುತ್ತಿದ್ದ. ಒರೆಗಲ್ಲು ಮೇಲ್ಮೈಯನ್ನಷ್ಟೇ ಹೇಳುವುದರಿಂದ, ಓದಿದ ಬಳಿಕ ನಾಣ್ಯವನ್ನು ನೀರಿನಲ್ಲಿ ತೂಗಿ ಸಾಂದ್ರತೆಯನ್ನೂ ನೋಡುತ್ತೇನೆ. ಚಿನ್ನ ಕಡಿಮೆಯೆಂದು ತಿಳಿದು ಮಾಲೀಕರ ಮುಖ ಬಾಡಿದರೆ, ಸಂಗ್ರಾಹಕರು ಡೆಸಾನಾದ ಒಂಗರೊಗೆ ಸಾಧಾರಣ ಡಚ್ ಡುಕಾಟಿಗಿಂತ ಹೆಚ್ಚು ಬೆಲೆ ಕೊಡುತ್ತಾರೆಂದು ಹೇಳಬೇಕಾಗುತ್ತದೆ.