ಬಾರ್ಜ್‌ಗಳಿಗೆ ಒಗ್ಗದ ಕಡಲು: ‘ಸೀ ಲಯನ್’ ನಿಂತದ್ದೇಕೆ?

1940ರಲ್ಲಿ ಬ್ರಿಟನ್ನನ್ನು ಉಳಿಸಿದ್ದು ಅದರ ಫೈಟರ್ ವಿಮಾನಗಳು ಎನ್ನುವುದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಫ್ರಾನ್ಸ್, ಬೆಲ್ಜಿಯಂ ಬಂದರುಗಳಲ್ಲಿ ಜರ್ಮನ್ನರು ಸಾಲುಗಟ್ಟಿ ನಿಲ್ಲಿಸಿದ್ದ ಬಾರ್ಜ್‌ಗಳನ್ನೂ, ಅಂದರೆ ಚಪ್ಪಟೆ ತಳದ ಸರಕು ದೋಣಿಗಳನ್ನೂ ನೋಡಬೇಕು.

ಜುಲೈ 16ರಂದು ಹಿಟ್ಲರ್ ಕಡಲು ದಾಟಿ ಬ್ರಿಟನ್ ಮೇಲೆ ನಡೆಸುವ ದಾಳಿಗೆ, ಅಂದರೆ ‘ಸೀ ಲಯನ್’ ಯೋಜನೆಗೆ, ಸಿದ್ಧತೆ ನಡೆಸಲು ಆದೇಶಿಸಿದಾಗ, ಟ್ಯಾಂಕುಗಳನ್ನು ನೇರ ದಡಕ್ಕಿಳಿಸುವ ನೌಕೆಗಳು ಜರ್ಮನಿಯ ಬಳಿ ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ. ನದಿ, ಕಾಲುವೆಗಳಲ್ಲಿ ಕಲ್ಲಿದ್ದಲು, ಅದಿರು ಹೊರುತ್ತಿದ್ದ ಸುಮಾರು 2,400 ಬಾರ್ಜ್‌ಗಳನ್ನು ಬಾಚಿ ತಂದರು. ಎಂಜಿನ್ ಇದ್ದದ್ದು 800ರಷ್ಟಕ್ಕೆ ಮಾತ್ರ. ಮೂತಿ ಕೊಯ್ದು ಬಾಗಿಲು ಮಾಡಿ, ಮರದ ಇಳಿಜಾರು ಹಲಗೆ ಕೂರಿಸಿದರು. ಟ್ಯಾಂಕಿನ ಭಾರ ತಾಳಲೆಂದು ತಳಕ್ಕೆ ಕಾಂಕ್ರೀಟ್ ಸುರಿದರು, ಒಡಲಿಗೆ ಉಕ್ಕಿನ ತೊಲೆ ಬೆಸೆದರು.

ಕೆಲಸವೇನೋ ಅಚ್ಚುಕಟ್ಟು. ತೊಂದರೆ ಇದ್ದದ್ದು ನೀರಿನಲ್ಲಿ. ಒಂದು ಟಗ್ (ಬೇರೆ ಹಡಗುಗಳನ್ನು ಎಳೆಯುವ ಸಣ್ಣ ಹಡಗು) ಎರಡೆರಡು ಬಾರ್ಜ್ ಎಳೆಯಬೇಕು. ಆಗ ವೇಗ 2-3 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಇಂಗ್ಲಿಷ್ ಕಡಲ್ಗಾಲುವೆಯ ಉಬ್ಬರವಿಳಿತದ ಸೆಳೆತವೇ 5 ನಾಟ್ ಮುಟ್ಟುತ್ತದೆ. ಫ್ರಾನ್ಸಿನ ಬುಲೋನ್ ಬಂದರಿನ ಬಳಿ ಹಗಲಲ್ಲೇ, ಶತ್ರುವಿನ ಕಾಟವಿಲ್ಲದೆ ತಾಲೀಮು ನಡೆಸಿದರೂ ಕೆಲವು ಟಗ್‌ಗಳ ಹಗ್ಗ ಕಳಚಿತು. ಸೈನಿಕರೆಲ್ಲ ಒಂದೇ ಬದಿಗೆ ನುಗ್ಗಿ ಒಂದು ದೋಣಿ ಮಗುಚಿತು. ಅಲೆಗೆ ಅಡ್ಡ ತಿರುಗಿದ ಬಾರ್ಜ್‌ಗಳ ಇಳಿಜಾರು ಹಲಗೆ ದಡ ಬಿಟ್ಟು ಸಮುದ್ರಕ್ಕೆ ಬಾಯಿ ತೆರೆಯಿತು. ಹೇಳಿದ ಹೊತ್ತಿಗೆ ಅರ್ಧದಷ್ಟು ಪಡೆಯೂ ಇಳಿಯಲಿಲ್ಲ.

ಭೂಸೇನೆಗೆ ಅಗಲವಾದ ದಾಳಿ ಬೇಕಿತ್ತು. ಆದರೆ ನಾರ್ವೆಯಲ್ಲಿ ಬ್ಲೂಖರ್ ಎಂಬ ಕ್ರೂಸರ್ ಜೊತೆಗೆ 10 ಡೆಸ್ಟ್ರಾಯರ್ ಯುದ್ಧನೌಕೆಗಳನ್ನು ಕಳೆದುಕೊಂಡಿದ್ದ ನೌಕಾಪಡೆ, ಕಿರಿದಾದ ದಾರಿಯೊಂದನ್ನಷ್ಟೇ ಕಾಯಬಲ್ಲೆ ಎಂದಿತು. ಅಷ್ಟು ಕಿರಿದರಲ್ಲಿ ಇಳಿಸುವುದೆಂದರೆ ಪಡೆಯನ್ನು ಮಾಂಸ ಅರೆಯುವ ಯಂತ್ರಕ್ಕೆ ಹಾಕಿದಂತೆ ಎಂದು ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ಸಿಡುಕಿದ್ದ. ನನಗೆ ಕಾಣುವಂತೆ ಇಬ್ಬರದೂ ಸರಿ; ಅಲ್ಲೇ ಯೋಜನೆಯ ಬುಡ ಅಲುಗಿತ್ತು.

ಅಷ್ಟರಲ್ಲಿ ಬ್ರಿಟಿಷ್ ಬಾಂಬರ್‌ಗಳೂ ಬಂದರುಗಳನ್ನು ಹುಡುಕಿ ಬಂದವು. ಸೆಪ್ಟೆಂಬರ್ 21ರ ಹೊತ್ತಿಗೆ 214 ಬಾರ್ಜ್, 21 ಸಾಗಣೆ ಹಡಗುಗಳು ಮುಳುಗಿದ್ದವು ಇಲ್ಲವೇ ಜಖಂಗೊಂಡಿದ್ದವು. ಅದಕ್ಕೂ ನಾಲ್ಕು ದಿನ ಮೊದಲೇ, 17ರಂದು, ಹಿಟ್ಲರ್ ದಾಳಿಯನ್ನು ಅನಿರ್ದಿಷ್ಟ ಕಾಲ ಮುಂದೂಡಿದ್ದ. ಅಕ್ಟೋಬರ್ 12ರಂದು ಅದು ಮುಂದಿನ ವಸಂತಕ್ಕೆ ಹೋಯಿತು. ಆ ವಸಂತದಲ್ಲಿ ಅವನ ಕಣ್ಣು ರಷ್ಯಾದ ಮೇಲಿತ್ತು.

ಇದೇ ದಾಳಿಗೆಂದು ಬಾಗಿಲು, ಸಂದುಗಳನ್ನೆಲ್ಲ ನೀರು ಹೋಗದಂತೆ ಮುಚ್ಚಿ, ಉಸಿರಾಟಕ್ಕೆ ರಬ್ಬರ್ ಕೊಳವೆ ಜೋಡಿಸಿ, ಸಮುದ್ರದ ತಳದಲ್ಲೇ ಓಡಿಸಲು ಸಿದ್ಧಪಡಿಸಿದ ಟ್ಯಾಂಕುಗಳಿದ್ದವು. ಅವು ಕೊನೆಗೂ ನೀರಿಗಿಳಿದದ್ದು 1941ರ ಜೂನ್ 22ರಂದು, ಸೋವಿಯತ್ ಗಡಿಯ ಬುಗ್ ನದಿಯಲ್ಲಿ.